ಮಾಗಿದ ಗಾಯದಡಿಯ ಸೋಂಕು

ಪ್ರಶ್ನೆ: ಮುರಿದ ಭುಜದೆಲುಬಿಗೆ ಪ್ಲೇಟು ಹಾಕಿಸಿ ತಿಂಗಳುಗಳು ಕಳೆದು, ಗಾಯ ಪೂರ್ತಿ ಮಾಗಿದ ಮೇಲೂ ಒಳಗೆ ಸೋಂಕು ಇರುವುದು ಸಾಧ್ಯವೆ?

ಉತ್ತರ: ಸಾಧ್ಯ. ಮುರಿದ ಎಲುಬಿಗೆ ಲೋಹ ಹಾಕಿದ ಮೇಲಿನ ಸೋಂಕುಗಳಿಗೆ ಅನೇಕ ವೇಳೆ ಕಾರಣವಾಗುವ ಸ್ಟೆಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯವು ಸಾಮಾನ್ಯವಾಗಿ ಜ್ವರ, ಕೆಂಪು, ಕೀವುಗಳೊಡನೆ ಬೇಗನೆ ಪ್ರಕಟವಾಗುತ್ತದೆ. ಆದರೆ ಭುಜದ ಚರ್ಮದ ತೈಲಗ್ರಂಥಿಗಳಲ್ಲಿ ನಿರುಪದ್ರವಿಯಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯವು ಶಸ್ತ್ರಕ್ರಿಯೆಯ ಕಾಲದಲ್ಲಿ ಆಳಕ್ಕಿಳಿದು, ಬಾವಿಯ ಮೆಟ್ಟಿಲಿಗೆ ಹತ್ತಿದ ಪಾಚಿಯಂತೆ ಲೋಹಕ್ಕಂಟಿ, ತಾನೇ ಸ್ರವಿಸಿದ ಲೋಳೆಪೊರೆಯ ಆಶ್ರಯದಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲುದು. ಆಗ ಜ್ವರವಿರದು, ರಕ್ತಪರೀಕ್ಷೆಯೂ ಅನೇಕ ವೇಳೆ ಸಹಜವಾಗಿಯೇ ಇರುವುದು. ಕಾಣುವುದೆಲ್ಲ ಮಂದವಾದ ನೋವು, ಬಿಗಿತ, ಕೂಡಲೊಲ್ಲದ ಎಲುಬು ಮಾತ್ರ.

ಆಮ್ಲಜನಕವಿಲ್ಲದೆಡೆ ಅತಿ ನಿಧಾನವಾಗಿ ಬೆಳೆಯುವ ಈ ಜೀವಿಯನ್ನು ಪತ್ತೆಹಚ್ಚಬೇಕಾದರೆ, ಆಳದ ಅಂಗಾಂಶದ ಹಲವು ತುಣುಕುಗಳನ್ನು ಪ್ರತ್ಯೇಕವಾಗಿ ತೆಗೆದು, ಪ್ರಯೋಗಾಲಯದಲ್ಲಿ 10ರಿಂದ 14 ದಿನ ಬೆಳೆಯಬಿಡಬೇಕು. ಐದನೆಯ ದಿನವೇ ಪರೀಕ್ಷೆಯನ್ನು ಮುಗಿಸಿದರೆ ಸೋಂಕಿಲ್ಲವೆಂಬ ವರದಿ ಬಂದೀತು. ಪೆನಿಸಿಲಿನ್ ವರ್ಗದ ಔಷಧಗಳಿಗೆ ಇದು ಸಾಮಾನ್ಯವಾಗಿ ಮಣಿಯುವುದಾದರೂ, ಆ ಪೊರೆಯನ್ನು ಭೇದಿಸುವುದು ಔಷಧಕ್ಕೆ ದುಷ್ಕರವಾದುದರಿಂದ, ಮತ್ತೊಮ್ಮೆ ಶಸ್ತ್ರಕ್ರಿಯೆ ನಡೆಸಿ ಒಳಭಾಗವನ್ನು ಶುದ್ಧಿಗೊಳಿಸುವುದೂ, ಹಲವೊಮ್ಮೆ ಪ್ಲೇಟನ್ನೇ ತೆಗೆಯುವುದೂ ಅಗತ್ಯವಾಗುತ್ತದೆ. ಆದಕಾರಣ ನೋವು ಮಾಯದೆ ಉಳಿದರೆ ಅದನ್ನು ಸಹಿಸಿಕೊಂಡಿರದೆ ಶಸ್ತ್ರವೈದ್ಯರಿಗೆ ತಿಳಿಸತಕ್ಕದ್ದು.