ಫಿಲ್ಟರಿನ ಸೂಜಿತೂತುಗಳು ಯಾರಿಗಾಗಿ?

ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ, ಅವರಿಗೆ ಬುದ್ಧಿ ಹೇಳುವ ಮೊದಲು ಒಂದು ಕೆಲಸ ಮಾಡಿ. ಒಂದು ಸಿಗರೇಟು ಇಸ್ಕೊಂಡು, ಫಿಲ್ಟರಿಗೆ ಸುತ್ತಿರುವ ಕಾಗದವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಾಯಿಗಿಡುವ ತುದಿಯಿಂದ ಒಂದು, ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಸಾಲಾಗಿ ಬೆಳಕಿನ ಚುಕ್ಕಿಗಳು ಕಾಣಬಹುದು. ಕೆಲವು ಬ್ರಾಂಡಿನಲ್ಲಿ ಒಂದು ಸಾಲು, ಕೆಲವದರಲ್ಲಿ ಎರಡು, ಕೆಲವದರಲ್ಲಿ ಒಂದೂ ಇಲ್ಲ. ಸೂಜಿಮೊನೆಗಿಂತ ಸಣ್ಣ ತೂತುಗಳು. ಇವನ್ನು ಲೇಸರಿನಿಂದಲೋ ವಿದ್ಯುತ್ ಕಿಡಿಯಿಂದಲೋ ಲೆಕ್ಕ ಹಾಕಿ ಕೊರೆದಿರುತ್ತಾರೆ. ಕಾಗದ ಹಾಳಾಗಿ ಬಿದ್ದ ತೂತಲ್ಲ, ಬೇಕೆಂದೇ ಮಾಡಿದ್ದು.

ಇವು ಯಾಕೆ ಅಂತ ಸೇದುವವರನ್ನೇ ಕೇಳಿದೆ. ನಮ್ಮ ಬೀದಿಯಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ವರಿಗೂ ತೂತು ಇರುವ ವಿಷಯವೇ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ. ಅದಕ್ಕೇ ಈ ಬರಹ.

ತತ್ವ ತುಂಬ ಸರಳ. ಎಳನೀರು ಕುಡಿಯುವಾಗ ಸ್ಟ್ರಾ ಎಲ್ಲಾದರೂ ಸೀಳಿದ್ದರೆ ಏನಾಗುತ್ತದೆ? ಎಷ್ಟು ಎಳೆದರೂ ಅರ್ಧ ಗಾಳಿ, ಅರ್ಧ ನೀರು. ಗಾಳಿಗೆ ಆ ಸೀಳಿನಿಂದ ಬರುವುದು ಸುಲಭ, ಹಾಗಾಗಿ ಕೆಳಗಿನ ನೀರಿಗೆ ಸೆಳೆತ ಕಡಿಮೆ. ಸಿಗರೇಟಿನಲ್ಲೂ ಇದೇ. ದಮ್ಮು ಎಳೆದಾಗ ಉರಿಯುವ ತುದಿಯಿಂದ ಹೊಗೆ ಬರುತ್ತದೆ, ಈ ತೂತುಗಳಿಂದ ಹೊರಗಿನ ಗಾಳಿ ನುಗ್ಗಿ ಅದರೊಂದಿಗೆ ಬೆರೆಯುತ್ತದೆ. ತೂತಿನ ಸಂಖ್ಯೆ, ಗಾತ್ರ ಮತ್ತು ಒಳಗಿನ ಕಾಗದ ಎಷ್ಟು ಗಾಳಿ ಬಿಡುತ್ತದೆ ಎನ್ನುವುದನ್ನು ಹೊಂದಿಸಿಕೊಂಡು, ಒಂದು ದಮ್ಮಿನಲ್ಲಿ ಎಷ್ಟು ಪಾಲು ಗಾಳಿ ಇರಬೇಕೆಂದು ತಯಾರಕರು ನಿರ್ಧರಿಸುತ್ತಾರೆ. ‘ಸ್ಟ್ರಾಂಗ್’ ಎನ್ನಿಸಿಕೊಳ್ಳುವ ಸಿಗರೇಟಿನಲ್ಲಿ ಶೇಕಡಾ ಹತ್ತರ ಆಸುಪಾಸು. ‘ಲೈಟ್’ ಎಂದು ಮಾರುತ್ತಿದ್ದವುಗಳಲ್ಲಿ ಇಪ್ಪತ್ತು, ಮೂವತ್ತು. ಒಂದು ಮಿಲಿಗ್ರಾಂ ಟಾರ್ ಎಂದು ಬರೆದುಕೊಂಡಿದ್ದ ‘ಅಲ್ಟ್ರಾ ಲೈಟ್’ಗಳಲ್ಲಿ ಎಂಬತ್ತರ ತನಕ. ತಂಬಾಕು ಹೆಚ್ಚುಕಡಿಮೆ ಅದೇ. ಬದಲಾಗಿದ್ದು ಗಾಳಿಯ ಪಾಲು.

ಇಷ್ಟು ಓದಿದರೆ ‘ಒಳ್ಳೆಯದೇ ಆಯಿತಲ್ಲ, ಹೊಗೆ ತೆಳುವಾಯಿತು’ ಅನ್ನಿಸುತ್ತದೆ. ಆದರೆ ಸೀಳಿದ ಸ್ಟ್ರಾ ಕೈಗೆ ಬಂದಾಗ ನೀವು ಏನು ಮಾಡುತ್ತೀರಿ ಹೇಳಿ? ಸೀಳಿನ ಮೇಲೆ ಬೆರಳಿಟ್ಟು ಇನ್ನೂ ಜೋರಾಗಿ ಎಳೆಯುತ್ತೀರಿ. ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಅಣ್ಣನೂ ಅದನ್ನೇ ಮಾಡಿದ. ತೊಂಬತ್ತರ ದಶಕದಲ್ಲಿ ಅವನು ಗಲ್ಫಿನಲ್ಲಿ ಕೆಲಸದಲ್ಲಿದ್ದ. ಕೆಮ್ಮು ಜಾಸ್ತಿಯಾಗಿ ಒಬ್ಬ ಡಾಕ್ಟರ ಹತ್ತಿರ ಹೋದಾಗ ಅವರು, “ಬಿಡೋಕೆ ಆಗದಿದ್ದರೆ ಲೈಟ್ ಆದರೂ ಸೇದಿ” ಅಂದರಂತೆ. ಅಣ್ಣನಿಗೆ ಅಷ್ಟೇ ಸಾಕಾಯಿತು. ರಜೆಗೆ ಬಂದಾಗ ಬಿಳಿ ಬಿಳಿ ಪ್ಯಾಕು ತೋರಿಸಿ, “ನೋಡು ಪುಟ್ಟಿ, ಈಗ ನಾನು ಅರ್ಧ ಬಿಟ್ಟ ಹಾಗೇ” ಎನ್ನುತ್ತಿದ್ದ. ಅಮ್ಮನೂ ನಂಬಿದರು. ದಿನಕ್ಕೆ ಹತ್ತು ಸೇದುತ್ತಿದ್ದವನು ಹದಿನೈದಕ್ಕೆ ಬಂದ. ಬಿಡಬೇಕು ಅನ್ನುವ ಮಾತೇ ಮನೆಯಲ್ಲಿ ನಿಂತುಹೋಯಿತು, ಯಾಕೆಂದರೆ ಅವನು ಆಗಲೇ ಏನೋ ಒಂದು ಮಾಡಿದ್ದನಲ್ಲ. ಹನ್ನೊಂದು ವರ್ಷ ಹೀಗೇ ಹೋಯಿತು. ಈಗ ಅವನು ಸೇದುವುದಿಲ್ಲ. ಆದರೆ ಎರಡನೇ ಮಹಡಿಗೆ ಹತ್ತಬೇಕಾದರೆ ನಡುವೆ ಎರಡು ಸಲ ನಿಲ್ಲಬೇಕು, ಜೇಬಿನಲ್ಲಿ ಇನ್‌ಹೇಲರ್ ಇರಲೇಬೇಕು.

ದೇಹ ಕೇಳುವುದು ನಿಕೋಟಿನ್ನನ್ನು. ಅದಕ್ಕೆ ಸಿಗರೇಟಿನ ಲೆಕ್ಕ ಗೊತ್ತಿಲ್ಲ, ತನ್ನ ಪಾಲು ಸಿಕ್ಕಿತೋ ಇಲ್ಲವೋ ಅಷ್ಟು ಗೊತ್ತು. ಹೊಗೆ ತೆಳುವಾದರೆ ದಮ್ಮು ಉದ್ದವಾಗುತ್ತದೆ, ಆಳವಾಗುತ್ತದೆ, ಬೇಗ ಬೇಗ ಬರುತ್ತದೆ. ತೆಳು ಹೊಗೆ ಗಂಟಲಿಗೆ ಉರಿ ಕೊಡುವುದಿಲ್ಲವಾದ್ದರಿಂದ ಆಳಕ್ಕೆ ಎಳೆಯುವುದೂ ಸುಲಭ. ಜೊತೆಗೆ ತುಟಿಯೋ ಬೆರಳೋ ಆ ತೂತುಗಳ ಮೇಲೇ ಕೂರುತ್ತದೆ. ಕೆನಡಾದ ಟೊರಾಂಟೋದಲ್ಲಿ ಕೆಲಸ ಮಾಡುತ್ತಿದ್ದ ಲಿನ್ ಕೊಜ್ಲೋವ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1980ರಲ್ಲೇ ಇದನ್ನು ಬರೆದರು. ಅವರ ಪತ್ತೇದಾರಿಕೆ ನನಗೆ ಬಹಳ ಹಿಡಿಸಿತು: ಸೇದಿ ಬಿಸಾಡಿದ ತುಂಡಿನ ಕೊನೆಯನ್ನು ನೋಡುವುದು! ತೂತು ತೆರೆದಿದ್ದರೆ ಗಾಳಿ ಸುತ್ತಲಿನಿಂದ ಬರುತ್ತದೆ, ಹೊಗೆ ಮಧ್ಯದಲ್ಲಿ ಹಾಯುತ್ತದೆ. ಹಾಗಾಗಿ ನಡುವೆ ಕಂದು ಬೊಟ್ಟು, ಸುತ್ತ ಬೆಳ್ಳಗಿನ ಅಂಚು. ತೂತು ಮುಚ್ಚಿ ಸೇದಿದ್ದರೆ ಅಂಚಿನ ತನಕ ಒಂದೇ ಸಮನೆ ಕಂದು. ತೂತು ಹೆಚ್ಚಿರುವ ಸಿಗರೇಟಿನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಈಗ ಸಣಕಲು ಬಿಳಿ ಸಿಗರೇಟು ಸೇದುತ್ತಾನೆ. ಅಪ್ಪನ ಪಾಡು ನೋಡಿಯೂ! “ಅತ್ತೆ, ಇದು ಮೈಲ್ಡ್, ಅಪ್ಪನ ಕಾಲದ್ದಲ್ಲ” ಅಂದ. ಅವನ ಅಪ್ಪನೂ ಹಾಗೇ ಅಂದಿದ್ದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು. ನಾನು ಜಗಳಕ್ಕೆ ಹೋಗಲಿಲ್ಲ. “ಒಂದು ದಿನದ ತುಂಡುಗಳನ್ನೆಲ್ಲ ಬಿಸಾಡಬೇಡ ಕಣೋ, ಕೊನೆ ನೋಡಿ ನನಗೆ ಹೇಳು” ಅಂದೆ. ಮರುದಿನ ಸಂಜೆ ಫೋಟೋ ಕಳಿಸಿದ. ಎಂಟರಲ್ಲಿ ಆರು ಪೂರ್ತಿ ಕಂದು. ಕೆಳಗೆ ಒಂದು ಸಾಲು: “ಇದೇನು ಅತ್ತೆ, ಪ್ರಾಕ್ಟಿಕಲ್ ಎಕ್ಸಾಮಾ?”

ಹಾಗಾದರೆ ಈ ತೂತುಗಳು ಕೆಲಸಕ್ಕೆ ಬರುವುದು ಎಲ್ಲಿ? ಯಂತ್ರದಲ್ಲಿ. ಅಮೆರಿಕದ ವ್ಯಾಪಾರ ಆಯೋಗ 1967ರಲ್ಲಿ ಸಿಗರೇಟು ಸೇದುವ ಯಂತ್ರವೊಂದನ್ನು ಇಟ್ಟು ಬ್ರಾಂಡ್‌ಗಳ ಟಾರ್, ನಿಕೋಟಿನ್ ಅಳೆಯತೊಡಗಿತು. ಯಂತ್ರ ನಿಮಿಷಕ್ಕೊಂದು ಸಲ, ಎರಡು ಸೆಕೆಂಡು, 35 ಮಿಲಿಲೀಟರ್ ಎಳೆಯುತ್ತದೆ. ಕೋಪ ಬಂದರೂ 35, ಬಾಸ್ ಬೈದರೂ 35. ಅದಕ್ಕೆ ಬೆರಳಿಲ್ಲ, ತುಟಿ ಇಲ್ಲ. ಸಿಗರೇಟಿನ ಕೊನೆಯ ಒಂಬತ್ತು ಮಿಲಿಮೀಟರ್ ಮಾತ್ರ ಅದರ ಹಿಡಿಕೆಯೊಳಗೆ ಹೋಗುತ್ತದೆ, ತೂತುಗಳ ಸಾಲು ಅದರಿಂದಾಚೆಗೆ! ಹಾಗಾಗಿ ಯಂತ್ರ ಪ್ರತಿ ಸಲವೂ ಗಾಳಿ ಬೆರೆತ ಹೊಗೆಯನ್ನೇ ಎಳೆಯುತ್ತದೆ, ಕಡಿಮೆ ಟಾರ್ ಎಂದು ಅಂಕಿ ಕೊಡುತ್ತದೆ. ಆ ಅಂಕಿಯೇ ಜಾಹೀರಾತಾಗುತ್ತದೆ. ಕಂಪನಿಗಳ ಒಳಗಿನ ಕಾಗದಪತ್ರಗಳಲ್ಲಿ ಇದಕ್ಕೊಂದು ಹೆಸರೂ ಇತ್ತು, ‘ಇಲಾಸ್ಟಿಸಿಟಿ’. ಅಂದರೆ ಯಂತ್ರಕ್ಕೆ ಕಡಿಮೆ ಕೊಟ್ಟು, ಮನುಷ್ಯ ಎಳೆದಷ್ಟೂ ಹೆಚ್ಚು ಕೊಡುವ ರಬ್ಬರಿನ ಗುಣ.

ಇದರಲ್ಲಿ ಎಲ್ಲರೂ ಒಂದೇ ಥರದ ಖದೀಮರು ಅಂತ ನಾನು ಹೇಳುವುದಿಲ್ಲ. ಹೊಗೆ ಕಡಿಮೆಯಾದರೆ ಕಾಯಿಲೆ ಕಡಿಮೆಯಾದೀತು ಅಂತ ಆಗ ಸಾರ್ವಜನಿಕ ಆರೋಗ್ಯದವರಲ್ಲೂ ಹಲವರು ನಂಬಿದ್ದರು. ಆದರೆ ಫಿಲ್ಟರಿನ ಚರಿತ್ರೆ ಓದಿದರೆ ಆ ಔದಾರ್ಯ ಬಹಳ ಹೊತ್ತು ಉಳಿಯುವುದಿಲ್ಲ. ಅಮೆರಿಕದಲ್ಲಿ 1950ರಲ್ಲಿ ಮಾರಾಟವಾಗುತ್ತಿದ್ದ ಸಿಗರೇಟಿನಲ್ಲಿ ಫಿಲ್ಟರ್ ಇದ್ದದ್ದು ನೂರಕ್ಕೆ ಒಂದೂ ಇಲ್ಲ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಎಂಬ ಸುದ್ದಿ ಮನೆಮನೆ ತಲುಪಿದ ಮೇಲೆ, 1960ರ ಹೊತ್ತಿಗೆ ಅರ್ಧದಷ್ಟು. ಕೆಂಟ್ ಎಂಬ ಬ್ರಾಂಡ್ 1952ರಿಂದ 56ರ ತನಕ ತನ್ನ ‘ಮೈಕ್ರೋನೈಟ್’ ಫಿಲ್ಟರಿನಲ್ಲಿ ಹಾಕಿದ್ದು ಕಲ್ನಾರು, ಅದೂ ನೀಲಿ ಕಲ್ನಾರು! ಕ್ಯಾನ್ಸರ್ ಹೆದರಿಕೆಗೆ ಫಿಲ್ಟರು, ಫಿಲ್ಟರಿನೊಳಗೆ ಕ್ಯಾನ್ಸರ್ ತರುವ ನಾರು. 1953ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿಯ ರಸಾಯನತಜ್ಞ ಕ್ಲಾಡ್ ಟೀಗ್, ಸೇದುತ್ತಾ ಹೋದಂತೆ ಬಣ್ಣ ಗಾಢವಾಗುವ ಫಿಲ್ಟರ್ ಮಾಡಬಹುದೆಂದು ಬರೆದಿಟ್ಟರು. ಸೋಸುವ ಶಕ್ತಿ ಹೆಚ್ಚಬೇಕಿಲ್ಲ, ಸೋಸಿದಂತೆ ಕಂಡರೆ ಸಾಕು. ಇವತ್ತಿಗೂ ಕಂದಾದ ಫಿಲ್ಟರ್ ತೋರಿಸಿ “ನೋಡಿ, ಎಷ್ಟು ಕೊಳೆ ತಡೆದಿದೆ” ಅನ್ನುವವರನ್ನು ನಾನೇ ಕಂಡಿದ್ದೇನೆ. (ಫಿಲ್ಟರಿನ ಹೊರಕಾಗದ ಹಳದಿ ಚುಕ್ಕೆಯ ಮರದ ತೊಗಟೆಯ ಹಾಗೆ ಯಾಕಿರುತ್ತದೆ ಗೊತ್ತೇ? ತುಟಿಗೆ ಅಂಟದಿರಲಿ ಎಂದು ಹಿಂದೆ ನಿಜವಾದ ಕಾರ್ಕ್ ಸುತ್ತುತ್ತಿದ್ದರು. ಕಾರ್ಕ್ ಹೋಯಿತು, ಅದರ ಚಿತ್ರ ಉಳಿಯಿತು.)

ಇನ್ನು ಬಾರ್ಕ್ಲೇ ಕಥೆ. ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿ 1980ರಲ್ಲಿ ತಂದ ಈ ಸಿಗರೇಟು ಒಂದು ಮಿಲಿಗ್ರಾಂ ಟಾರ್, ಶೇಕಡಾ 99 ಟಾರ್ ಇಲ್ಲ ಎಂದು ಹೇಳಿಕೊಂಡಿತು. ಇದರ ಫಿಲ್ಟರಿನ ಉದ್ದಕ್ಕೂ ಹೊರಮೈಯಲ್ಲಿ ನಾಲ್ಕು ಕಾಲುವೆಗಳು. ಗಾಳಿ ಆ ಕಾಲುವೆಯಲ್ಲಿ ಹರಿದು ನೇರ ಬಾಯಿಗೆ ಬರಬೇಕು. ಯಂತ್ರದಲ್ಲಿ ಹಾಗೇ ಬಂತು. ಮನುಷ್ಯನ ತುಟಿ ಒತ್ತಿದ ಕೂಡಲೇ ಕಾಲುವೆ ಅಪ್ಪಚ್ಚಿ. ಪ್ರತಿಸ್ಪರ್ಧಿ ಕಂಪನಿಗಳೇ ಚಾಡಿ ಹೇಳಿದವು! ವ್ಯಾಪಾರ ಆಯೋಗ ಪರಿಶೀಲಿಸಿ, ನಿಜವಾದ ಟಾರ್ ಮೂರರಿಂದ ಏಳು ಮಿಲಿಗ್ರಾಂ ಇದ್ದೀತು ಎಂದಿತು. ವಿಷಯ ಕೋರ್ಟಿಗೂ ಹೋಯಿತು. ಆದರೆ ಚಾಡಿ ಹೇಳಿದವರ ಸಿಗರೇಟಿನ ತೂತುಗಳನ್ನೂ ಮನುಷ್ಯನ ಬೆರಳು ಮುಚ್ಚುತ್ತಿತ್ತಲ್ಲ, ಅದನ್ನು ಅಳೆಯುವ ಯಂತ್ರ ಆಗ ಬದಲಾಗಲಿಲ್ಲ.

ಆಮೇಲೆ ಸತ್ಯ ನಿಧಾನವಾಗಿ ಸರಕಾರಿ ಕಾಗದಕ್ಕೆ ಇಳಿಯಿತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಐವತ್ತು ವರ್ಷಗಳ ಈ ವಿನ್ಯಾಸ ಬದಲಾವಣೆಯಿಂದ ಜನರ ಆರೋಗ್ಯಕ್ಕೆ ಲಾಭವಾಗಿದೆ ಎನ್ನಲು ನಂಬುವಂಥ ಸಾಕ್ಷ್ಯವಿಲ್ಲ ಎಂದು ಬರೆಯಿತು. 2006ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್, ‘ಲೈಟ್’ ವಿಷಯದಲ್ಲಿ ಕಂಪನಿಗಳು ಜನರನ್ನು ವಂಚಿಸಿವೆ ಎಂದು ತೀರ್ಪು ಕೊಟ್ಟರು. 2008ರಲ್ಲಿ ವ್ಯಾಪಾರ ಆಯೋಗ ಆ ಯಂತ್ರದ ಅಂಕಿಗಳಿಗೆ ಕೊಟ್ಟಿದ್ದ ಬೆಂಬಲ ಹಿಂತೆಗೆಯಿತು.

ನನ್ನನ್ನು ಹೆಚ್ಚು ಕಾಡಿದ್ದು 2014ರ ಅಮೆರಿಕದ ಸರ್ಜನ್ ಜನರಲ್ ವರದಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬೇರೆ ಬೇರೆ ಜಾತಿಗಳಿವೆ. ಹಿಂದೆ ಸೇದುವವರಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ದೊಡ್ಡ ಗಾಳಿನಾಳಗಳ ಹತ್ತಿರದ್ದು. ಈಗ ಅಡಿನೋಕಾರ್ಸಿನೋಮ ಎಂಬುದು ಮುಂದಾಗಿದೆ, ಇದು ಬರುವುದು ಹೆಚ್ಚಾಗಿ ಶ್ವಾಸಕೋಶದ ಹೊರಭಾಗದಲ್ಲಿ, ಆಳದಲ್ಲಿ. 1950ರ ದಶಕದಿಂದ ಸಿಗರೇಟಿನ ವಿನ್ಯಾಸ ಮತ್ತು ಒಳಸಾಮಗ್ರಿ ಬದಲಾದದ್ದರಿಂದಲೇ ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿತು ಎಂದು ಆ ವರದಿ ಹೇಳುತ್ತದೆ. ಯಾವ ಬದಲಾವಣೆ ಎಂದು ಬೆರಳಿಟ್ಟು ತೋರಿಸುವಷ್ಟು ಸಾಕ್ಷ್ಯವಿಲ್ಲ, ಆದರೆ ತೂತಿನ ಫಿಲ್ಟರ್ ಮತ್ತು ತಂಬಾಕಿನ ನೈಟ್ರೊಸಮೈನ್ ಎಂಬ ವಿಷಗಳ ಕಡೆಗೆ ಸೂಚನೆ ಇದೆ ಎಂದೂ ಹೇಳುತ್ತದೆ. ತೆಳು ಹೊಗೆ, ಆಳವಾದ ದಮ್ಮು. ಅಣ್ಣ ಕಣ್ಣು ಮುಚ್ಚಿ ಎಳೆಯುತ್ತಿದ್ದ ರೀತಿ ನೆನಪಾಗಿ ಆ ಪುಟದಲ್ಲೇ ಸ್ವಲ್ಪ ಹೊತ್ತು ನಿಂತೆ.

‘ಲೈಟ್’, ‘ಮೈಲ್ಡ್’ ಪದಗಳನ್ನು ಐರೋಪ್ಯ ಒಕ್ಕೂಟ 2003ರಲ್ಲಿ, ಅಮೆರಿಕ 2010ರಲ್ಲಿ ಪ್ಯಾಕಿನಿಂದ ಅಳಿಸಿದವು. ನಮ್ಮಲ್ಲೂ ಅಂಥ ದಾರಿ ತಪ್ಪಿಸುವ ಪದ ಹಾಕಬಾರದೆಂಬ ನಿಯಮವಿದೆ. ಆದರೆ ಪದ ಹೋದರೆ ಬಣ್ಣ ಬರುತ್ತದೆ. ಮಾರ್ಲ್‌ಬರೋ ಲೈಟ್ಸ್ ಹೋಗಿ ಮಾರ್ಲ್‌ಬರೋ ಗೋಲ್ಡ್ ಆಯಿತು. ನಮ್ಮ ಊರಿನಲ್ಲಂತೂ ಬಿಡಿ ಸಿಗರೇಟು ಮಾರಬಾರದು ಎಂದರೂ ಪೆಟ್ಟಿ ಅಂಗಡಿಯಲ್ಲಿ ಒಂದೊಂದಾಗಿಯೇ ಹೋಗುತ್ತದೆ. ಪ್ಯಾಕೇ ಕೈಗೆ ಬರದ ಮೇಲೆ ಎಚ್ಚರಿಕೆಯ ಚಿತ್ರ ಯಾರು ನೋಡುತ್ತಾರೆ? ಕಾಣುವುದು ಫಿಲ್ಟರಿನ ಬಣ್ಣ ಒಂದೇ. ಹಳದಿ ಅಂದರೆ ಖಾರ, ಬಿಳಿ ಅಂದರೆ ಸಪ್ಪೆ, ಅದನ್ನೇ ಹುಡುಗರು ‘ಸೇಫ್’ ಅಂದುಕೊಳ್ಳುತ್ತಾರೆ. ಅದೇ ಪ್ಯಾಕಿನ ಮೇಲೆ ಬಿಡಲು ನೆರವಾಗುವ ಉಚಿತ ಫೋನ್ ನಂಬರೂ ಇದೆ, 1800-11-2356. ಬಿಡಿ ಕೊಳ್ಳುವವರಿಗೆ ಅದೂ ಕಾಣುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನ ಮಗನಿಗೂ ಕಳಿಸಿದ್ದೇನೆ. ಓದಿದ ಗುರುತು ನೀಲಿ ಆಗಿದೆ, ಉತ್ತರ ಇನ್ನೂ ಬಂದಿಲ್ಲ.

ತೂತುಗಳ ಬಗ್ಗೆ ಗಟ್ಟಿಯಾಗಿ ಜಗಳ ತೆಗೆದವರು ನೆದರ್‌ಲ್ಯಾಂಡ್ಸಿನವರು. 2018ರಲ್ಲಿ ಅಲ್ಲಿಯ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ, ಮಾರುಕಟ್ಟೆಯ ಸಿಗರೇಟುಗಳನ್ನು ಕೆನಡಾದವರ ಕಠಿಣ ವಿಧಾನದಲ್ಲಿ ಅಳೆಯಿತು. 55 ಮಿಲಿಲೀಟರ್ ದಮ್ಮು, ಅರ್ಧ ನಿಮಿಷಕ್ಕೊಂದು, ತೂತುಗಳಿಗೆಲ್ಲ ಟೇಪು. ಟಾರ್ ಕಡಿಮೆ ಎಂದರೆ ಎರಡು ಪಟ್ಟು, ತೂತು ಬಹಳ ಇದ್ದವುಗಳಲ್ಲಿ ಇಪ್ಪತ್ತು ಪಟ್ಟಿಗೂ ಮೇಲೆ! ಕಾನೂನಿನ ಮಿತಿ 10 ಮಿಲಿಗ್ರಾಂ. ಫೋಕ್ಸ್‌ವ್ಯಾಗನ್ ಕಾರುಗಳು ಪರೀಕ್ಷೆಯಲ್ಲಿ ಮಾತ್ರ ಶುದ್ಧ ಹೊಗೆ ಬಿಡುತ್ತಿದ್ದದ್ದು ನೆನಪಿದೆಯಲ್ಲ, ಅದನ್ನೇ ಹೋಲಿಸಿ ಅಲ್ಲಿಯ ಹೋರಾಟಗಾರರು ಇದಕ್ಕೆ ‘ಮೋಸದ ಸಿಗರೇಟು’ ಎಂದು ಹೆಸರಿಟ್ಟರು. ಮೊಕದ್ದಮೆ ಐರೋಪ್ಯ ನ್ಯಾಯಾಲಯದ ತನಕ ಹೋಗಿ 2022ರಲ್ಲಿ ಅಲ್ಲಿಂದ ತೀರ್ಪೂ ಬಂತು. ತೂತನ್ನೇ ನಿಷೇಧಿಸಿ, ಹೊಗೆ ಗಂಟಲಿಗೆ ಒರಟಾಗಿಯೇ ತಾಗಲಿ, ಆಗ ಬಿಡುವವರು ಬಿಡುತ್ತಾರೆ ಎಂದು ಸಂಶೋಧಕರು ಕೇಳುತ್ತಲೇ ಇದ್ದಾರೆ. ಲೇಸರ್ ಯಂತ್ರಗಳು ಕೊರೆಯುತ್ತಲೇ ಇವೆ.