ಹಸಿರು ಚುಕ್ಕೆಯ ಕೆಳಗೆ ಅರಗು

ಚನ್ನಪಟ್ಟಣದ ಬುಗುರಿ ಮಿರಮಿರನೆ ಹೊಳೆಯುವುದು ಅರಗಿನಿಂದ. ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಈಗ ಮಕ್ಕಳು ತಿನ್ನುವ ಬಣ್ಣದ ಗುಂಡು ಮಿಠಾಯಿಯ ಪೊಟ್ಟಣ ತಿರುವಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳ ನಡುವೆ ‘ಗ್ಲೇಜಿಂಗ್ ಏಜೆಂಟ್ 904’ ಎಂದು ಕಂಡರೆ, ಅಲ್ಲಿನ ಹೊಳಪೂ ಅರಗಿನದೇ.

ಮುತ್ತುಗ, ಬೋರೆ ಮರಗಳ ರೆಂಬೆಯಲ್ಲಿ ರಸ ಹೀರುವ ಪುಟ್ಟ ಕೀಟ ತನ್ನ ಮೈ ಮುಚ್ಚಿಕೊಳ್ಳಲು ಸುರಿಸುವ ಅಂಟು ಅದು. ರೆಂಬೆಯಿಂದ ಕೆರೆದು ತೆಗೆಯುವಾಗ ಕೀಟಗಳೂ ಜೊತೆಗೇ ಬರುತ್ತವೆ. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದು ಇದರಲ್ಲೇ. ನಾವು ಮಿಠಾಯಿಗೆ ಹಚ್ಚಿದ್ದೇವೆ.

ಅದೇ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆಯೂ ಇರಬಹುದು. ಮೋಸವೇನಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಅರಗು ಇವನ್ನು ಮಾಂಸಾಹಾರದ ಲೆಕ್ಕದಿಂದ ಹೊರಗಿಟ್ಟಿದೆ. ಸಸ್ಯಾಹಾರಿಗೆ ಅಷ್ಟು ಸಾಕು, ಪ್ರಾಣಿಮೂಲದ್ದು ಏನೂ ಬೇಡವೆನ್ನುವ ವೀಗನ್‌ಗೆ ಸಾಲದು. ಆದರೆ ಇದರಿಂದ ಹುಡುಕಾಟ ಸುಲಭವೂ ಆಯಿತು: ಚುಕ್ಕೆ ಹಸಿರಾಗಿದ್ದರೆ ನೋಡಬೇಕಾದದ್ದು ಆ ನಾಲ್ಕೈದನ್ನೇ. ಜೇನುಮೇಣದ ಸಂಖ್ಯೆ 901. ಹಾಲು ಮಾತ್ರ ವೇಷ ಬದಲಿಸುತ್ತದೆ. ಕೇಸಿನ್, ವೇ ಪುಡಿ, ಲ್ಯಾಕ್ಟೋಸ್ ಎಲ್ಲವೂ ಅದೇ. ಅಲರ್ಜಿಯ ಸಾಲಿನಲ್ಲಿ ‘ಮಿಲ್ಕ್’ ಎಂದು ಹೇಳಲೇಬೇಕಾದ್ದರಿಂದ ಮೊದಲು ಕಣ್ಣು ಅಲ್ಲಿಗೆ ಹೋಗಲಿ.

ಇನ್ನು ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ 631. ಚಿಪ್ಸ್‌ಗೆ ರುಚಿ ಏರಿಸುವ ಈ ಪುಡಿ ಹಂದಿಯ ಕೊಬ್ಬು ಎಂದು ನನಗೇ ಮೂರು ಬಾರಿ ಬಂದಿದೆ. ಅದು ಕೊಬ್ಬೇ ಅಲ್ಲ, ಡೈಸೋಡಿಯಂ ಇನೋಸಿನೇಟ್ ಎಂಬ ಲವಣ. ಮಾಂಸ, ಮೀನಿನಿಂದಲೂ ತೆಗೆಯಬಹುದು. ಪಿಷ್ಟ, ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿಯೂ ಪಡೆಯಬಹುದು. ಬಿಸ್ಕತ್ತು, ಕೇಕುಗಳಲ್ಲಿ ಎಣ್ಣೆ–ನೀರನ್ನು ಬೆರೆಸುವ 471 ಕೂಡ ಹಾಗೆಯೇ, ತಾಳೆಎಣ್ಣೆಯಿಂದಲೂ ಆಗುತ್ತದೆ, ದನದ ಕೊಬ್ಬಿನಿಂದಲೂ ಆಗುತ್ತದೆ. ಸಂಖ್ಯೆ ವಸ್ತುವಿನ ಹೆಸರು ಹೇಳುತ್ತದೆ, ತವರು ಹೇಳುವುದಿಲ್ಲ. ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಇವು ಮಾಂಸ, ಕೊಬ್ಬಿನಿಂದ ಬಂದಿರುವಂತಿಲ್ಲ.

ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನ ಚಾಕೊಲೇಟಿಗೆ ಈ ಚುಕ್ಕೆಯ ಕಾವಲಿಲ್ಲ. ಅಲ್ಲಿ ಜೆಲಾಟಿನ್ ಇರಬಹುದು. ಅದು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದದ್ದು. ಕೆಂಪಿದ್ದರೆ 120, ಅಂದರೆ ಕಾರ್ಮೈನ್ ಇದೆಯೇ ನೋಡಿ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟವನ್ನು ಒಣಗಿಸಿ ತೆಗೆಯುವ ಬಣ್ಣ, ಬಹುಪಾಲು ಪೆರು ದೇಶದ್ದು. ಈ ಬಣ್ಣದ ಆಸೆಗೆ 1795ರಲ್ಲಿ ಕಲ್ಕತ್ತಾಕ್ಕೂ ಕೀಟ ತಂದಿದ್ದರು. ಬಂದದ್ದು ಬೇರೆ ಜಾತಿ. ಒಳ್ಳೆಯ ಬಣ್ಣ ಸಿಗಲಿಲ್ಲ, ಪಾಪಾಸುಕಳ್ಳಿ ಮಾತ್ರ ನಾಶವಾಯಿತು. ಮುಂದೆ ದಕ್ಷಿಣ ಭಾರತದಲ್ಲಿ ಕಳ್ಳಿಯ ಕಾಟ ತಡೆಯಲು ಅದೇ ಕೀಟವನ್ನು ಬಿಟ್ಟರು.

2022ರ ವೀಗನ್ ಆಹಾರ ನಿಯಮದ ನಂತರ ಚೌಕದೊಳಗೆ ಹಸಿರು ‘ವಿ’ ಅಕ್ಷರದ ಗುರುತು ಬಂದಿದೆ. ಅದಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಪೊಟ್ಟಣದ ಮೇಲೆಯೇ ಗ್ರಾಹಕ ಸೇವೆಯ ಫೋನ್ ನಂಬರ್ ಇರುತ್ತದೆ. ಫೋನ್ ಮಾಡಿ ಕೇಳಿ.