ಲೇಔಟ್ ಬರಲಿ, ಕಾಲುವೆ ಕಾಲುದಾರಿ ಉಳಿಯಲಿ



ನಮ್ಮೂರ ಕೆರೆಯ ಮೇಲ್ಗಡೆ ಹೊಲಗಳಲ್ಲಿ ಲೇಔಟ್ ಬರುತ್ತೆ ಅನ್ನೋ ಸುದ್ದಿ ನಿಮಗೆಲ್ಲಾ ಗೊತ್ತೇ ಇದೆ. ಒಟ್ಟು 10 ಎಕರೆ. ಅದರಲ್ಲಿ 2 ಎಕರೆ ನಮ್ಮ ದೊಡ್ಡಪ್ಪನದು. ಸಾಲ ತೀರಿಸಬೇಕು, ಅಕ್ಕನ ಮದುವೆ ಮಾಡಬೇಕು ಅಂತ ಮಾರಿದರು. ಹಾಗಾಗಿ ಲೇಔಟೇ ಬೇಡ ಅಂತ ನಾನು ಬರೆಯುತ್ತಿಲ್ಲ. ಆದರೆ ಅರಳಿಕಟ್ಟೆಯಲ್ಲಿ ಹಿರಿಯರು ಎರಡು ಪ್ರಶ್ನೆ ಕೇಳುತ್ತಿದ್ದಾರೆ. ಮಳೆ ನೀರು ಎಲ್ಲಿಗೆ ಹೋಗುತ್ತೆ? ನಾವು ಎಲ್ಲಿಂದ ಓಡಾಡೋದು? ಇವುಗಳ ಬಗ್ಗೆ ನಾನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಇದನ್ನು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. 1 ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ 10 ಎಕರೆ ಮೇಲೆ ಬೀಳುವ ನೀರು 20 ಲಕ್ಷ ಲೀಟರಿಗೂ ಹೆಚ್ಚು! 5,000 ಲೀಟರಿನ ಟ್ಯಾಂಕರ್ ಆದರೆ 400ಕ್ಕೂ ಹೆಚ್ಚು ಟ್ಯಾಂಕರ್ ಬೇಕು. ನೀವೂ ಗುಣಿಸಿ ನೋಡಿ.

ಈಗ ಅಲ್ಲಿ ರಾಗಿ ಹೊಲ ಇದೆ. ಉತ್ತ ಮಣ್ಣು ನೀರನ್ನು ಕುಡಿಯುತ್ತೆ, ಬದು ತಡೆಯುತ್ತೆ. ಮಿಕ್ಕ ನೀರು ನಿಧಾನವಾಗಿ ಕಾಲುವೆಗೆ ಇಳಿದು ಕೆರೆ ಸೇರುತ್ತೆ. ನಾಳೆ ಅಲ್ಲಿ ಟಾರು, ಕಾಂಕ್ರೀಟು, ಮನೆಗಳ ತಾರಸಿ ಬರುತ್ತವೆ. ಅವು ನೀರು ಕುಡಿಯೋದಿಲ್ಲ. ಮಳೆ ಅಷ್ಟೇ ಬಂದರೂ ಹರಿಯುವ ನೀರು ಹೆಚ್ಚು, ಅದರ ವೇಗವೂ ಹೆಚ್ಚು. ಅಂದಮೇಲೆ ಕಾಲುವೆ ಈಗಿನದಕ್ಕಿಂತ ದೊಡ್ಡದಾಗಬೇಕು ಅಲ್ಲವೇ?

ಆದರೆ ಪಂಚಾಯಿತಿಯಲ್ಲಿ ನೋಡಿದ ಪ್ಲಾನಿನಲ್ಲಿ ಅದು ಚಿಕ್ಕದಾಗಿದೆ. ನಾವು ನಾಲ್ಕು ಜನ ಹಗ್ಗ ಹಿಡಿದು ಹೊಂಗೆಮರದ ಹತ್ತಿರ ಅಳೆದಾಗ ಕಾಲುವೆ 9 ಅಡಿ ಅಗಲ ಇತ್ತು. ಪ್ಲಾನಿನಲ್ಲಿ ಅದನ್ನು 2 ಅಡಿ ಚರಂಡಿ ಮಾಡಿ, ಅಂಚಿಗೆ ಸರಿಸಿ, ನಮ್ಮ ಕೆಳಗಿನ ಬೀದಿಯ ಹತ್ತಿರ ಮೂಲೆ ತಿರುಗಿಸಿದ್ದಾರೆ. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿ ತಾತನಿಗೆ ಇದನ್ನು ಹೇಳಿದೆ. "ನೀರು ತಗ್ಗು ನೋಡ್ತದೆ, ಸೈಟು ನೋಡಲ್ಲ ಮಗಾ. ಆ ಮೂಲೇಲಿ ಮಣ್ಣು ಕಟ್ಕೊಂಡು ನಿಮ್ಮ ಬೀದಿಗೇ ನುಗ್ತದೆ" ಅಂದರು.

ಬೆಂಗಳೂರಿನಲ್ಲಿ ಏನಾಯಿತು?

ಬೆಂಗಳೂರಿನ ಕೆರೆಗಳೂ ಒಂದಕ್ಕೊಂದು ಸೇರಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗಬೇಕು. ಎಷ್ಟೋ ಕಡೆ ಆ ಕಾಲುವೆಗಳು ಒತ್ತುವರಿಯಾಗಿ ಕಿರಿದಾಗಿದ್ದವು. 2022ರ ಸೆಪ್ಟೆಂಬರ್ 4ರ ರಾತ್ರಿ ಅಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮಹದೇವಪುರದ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಗೂ ನೀರು ನುಗ್ಗಿತು. ಕಾರು ಇದ್ದವರೂ ಟ್ರ್ಯಾಕ್ಟರ್ ಹತ್ತಿ ಹೊರಗೆ ಬರಬೇಕಾಯಿತು. ಮುಂದೆ ಇಲ್ಲಿ ಸೈಟು ಕೊಳ್ಳುವವರಿಗೂ ಇದೇ ಗತಿ ಬರಬಾರದು.

ದಾರಿಯ ವಿಷಯ

ಮೇಲಿನ ಹಟ್ಟಿಯ ಮಕ್ಕಳು ಆ ಹೊಲಗಳ ನಡುವಿನ ಕಾಲುದಾರಿಯಲ್ಲೇ ಹತ್ತು ನಿಮಿಷದಲ್ಲಿ ಶಾಲೆಗೆ ಬರುತ್ತಾರೆ. ದನಕರು ಕೆರೆಗೆ ಹೋಗುವುದೂ, ಸ್ಮಶಾನಕ್ಕೆ ಹೋಗುವುದೂ ಅದರಲ್ಲೇ. ಸುತ್ತ ಕಾಂಪೌಂಡ್ ಎದ್ದರೆ ಲಾರಿ ಓಡಾಡುವ ದೊಡ್ಡ ರಸ್ತೆಯಲ್ಲಿ ಬಳಸಿ ಬರಬೇಕು. ಒಂದನೇ ತರಗತಿಯ ಪುಟ್ಟ ಮಕ್ಕಳ ಗತಿ ಏನು?

ನಕ್ಷೆ ಏನು ಹೇಳುತ್ತೆ?

ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಒಂದು ಸಾಲು ಚುಕ್ಕೆ ಇದ್ದರೆ ಕಾಲುದಾರಿ, ಎರಡು ಸಾಲು ಇದ್ದರೆ ಬಂಡಿದಾರಿ. ಇದಕ್ಕೇ 'ನಕಾಶೆ ಕಂಡ ದಾರಿ' ಅಂತಾರೆ. ನಮ್ಮ ಕಾಲುದಾರಿ ನಕ್ಷೆಯಲ್ಲಿದೆ. ನಾನೇ ಬೆರಳಿಟ್ಟು ನೋಡಿದ್ದೇನೆ.

ಪಹಣಿಯಲ್ಲಿ ಖರಾಬು ಎಂಬ ಕಾಲಂ ಇರುತ್ತೆ. ಎ ಖರಾಬು ಎಂದರೆ ಬಂಡೆ ಮುಂತಾದ, ಬೇಸಾಯಕ್ಕೆ ಆಗದ ಜಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ದೊಡ್ಡಪ್ಪನ ಪಹಣಿಯಲ್ಲಿ 3 ಗುಂಟೆ ಬಿ ಖರಾಬು ಇದೆ. ಅದೇ ಆ ಕಾಲುವೆ. ಹೆದರುತ್ತಲೇ ದೊಡ್ಡಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಂದಲ್ಲ ಕಣಮ್ಮ. ನಂದಲ್ಲದ್ದನ್ನ ನಾನು ಹೆಂಗೆ ಮಾರ್ಲಿ? ಸಭೇಲಿ ನಾನೇ ಹೇಳ್ತೀನಿ" ಅಂದರು. ನನಗೆ ತುಂಬಾ ಸಂತೋಷವಾಯಿತು.

ನಾವೇನು ಮಾಡಬಹುದು?

ಕಲ್ಲು ನೆಟ್ಟ ಮೇಲೆ ಕೂಗಾಡಿದರೆ ಪ್ರಯೋಜನ ಕಡಿಮೆ. ಈಗಲೇ ಕೇಳಬೇಕು. ದೊಡ್ಡವರಿಗೆ ಗ್ರಾಮಸಭೆ ಇದೆ, ನಮಗೆ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ಈ ಮೂರು ಮಾತು ಕೇಳೋಣ:

1. ಕಾಲುವೆ ಇದ್ದ ಜಾಗದಲ್ಲೇ, ಇದ್ದ ಅಗಲಕ್ಕೆ ಕಡಿಮೆಯಾಗದಂತೆ ಉಳಿಯುತ್ತದೆಯೇ?
2. ಮನೆಗಳ ಕೊಳಚೆ ನೀರು ಕೆರೆಗೆ ಬಾರದಂತೆ ಬೇರೆ ವ್ಯವಸ್ಥೆ ಇದೆಯೇ?
3. ಕಾಲುದಾರಿಗೆ ಗೇಟು, ಬೀಗ ಹಾಕುವುದಿಲ್ಲ ಎಂದು ಬರೆದುಕೊಡುತ್ತಾರೆಯೇ?

ಉತ್ತರ ಬಾಯಿಮಾತಿನಲ್ಲಿ ಬೇಡ, ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಬೇಕು. ಬರುವ ಶನಿವಾರ ಕಾಲುವೆಯನ್ನು ಇನ್ನೂ ನಾಲ್ಕು ಕಡೆ ಅಳೆಯುತ್ತೇವೆ. ಹಗ್ಗ ನಮ್ಮಲ್ಲಿದೆ. ಬರುವವರು ಶಾಲೆ ಬಿಟ್ಟ ಮೇಲೆ ಹೊಂಗೆಮರದ ಹತ್ತಿರ ಬನ್ನಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ